ಮೈಲಪ್ಪನ ದಿಬ್ಬಕ್ಕೆ ಹೆಲಿಕಾಪ್ಟರ್ ಇಳಿದ ದಿನ

ತುಂಗಭದ್ರೆ ತುಂಬಿ ಬಂದರೆ ಹೊಳಲು ಊರಿನ ಆಚೆಗಿನ ಕುರಿಗಾರರ ಹಟ್ಟಿಗೆ ದಾರಿಯೇ ಇಲ್ಲದಂತಾಗುತ್ತಿತ್ತು. ಹೊಳೆಯ ನೀರು ಹಳ್ಳಕ್ಕೆ ನುಗ್ಗಿ ರಸ್ತೆ ಮುಳುಗಿಸುತ್ತಿತ್ತು. ಬಸ್ಸು ಬರುತ್ತಿರಲಿಲ್ಲ, ದವಾಖಾನೆಗೆ ಹೋಗುವಂತಿರಲಿಲ್ಲ. ಎರಡು ದಿನ ತಡೆದರೆ ತಾನೇ ಇಳಿಯುತ್ತದೆ ಎಂದು ಜನ ಮನೆಯಲ್ಲೇ ಕೂತಿರುತ್ತಿದ್ದರು.

2009ರ ಬೇಸಿಗೆಯಲ್ಲಿ ಆ ಹಟ್ಟಿಗೆ ವಾಣಿಶ್ರೀ ಬಂದಳು. ಅವಳು ಹಿರೇಹಡಗಲಿಯ ಕಿರಾಣಿ ಅಂಗಡಿಯವರ ಮಗಳು. ವಿಮಾನ ಕಂಪನಿಯೊಂದರಲ್ಲಿ ಟಿಕೆಟ್ ಬರೆಯುವ ಕೆಲಸಕ್ಕೆ ಸೇರಿದವಳು, ಹತ್ತು ವರ್ಷದಲ್ಲಿ ಎರಡು ಹೆಲಿಕಾಪ್ಟರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವ ಸ್ವಂತ ಕಂಪನಿ ಕಟ್ಟಿದ್ದಳು. ಮದುವೆಯವರು ಕರೆಯುತ್ತಿದ್ದರು, ಚುನಾವಣೆಯವರು ಕರೆಯುತ್ತಿದ್ದರು. ಆದರೆ ಮಳೆಗಾಲ ಶುರುವಾಯಿತೆಂದರೆ ಎರಡರಲ್ಲಿ ಒಂದನ್ನು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಎಲ್ಲಿ ನೆರೆ ಬಂದು ಸರ್ಕಾರದವರು ಕರೆದರೂ ಅದು ಹಾಲಿನ ಪುಡಿ, ಔಷಧ ಹೊತ್ತು ಹಾರಬೇಕು. ಇನ್ನೊಂದು ದುಡಿದು ಅದನ್ನು ಸಾಕಬೇಕು. ಕಂಪನಿ ತೆರೆದ ದಿನವೇ ಅವಳು ಹಾಕಿಕೊಂಡ ಕಟ್ಟಳೆ ಅದು.

ಆದರೂ ಒಂದು ನೆನಪು ಅವಳನ್ನು ಕೊರೆಯುತ್ತಿತ್ತು. ಎರಡು ವರ್ಷದ ಹಿಂದೆ ನೆರೆ ಬಂದ ದೂರದ ಊರೊಂದಕ್ಕೆ ಔಷಧ ತೆಗೆದುಕೊಂಡು ಹೋಗಿದ್ದಳು. ಹೆಲಿಕಾಪ್ಟರ್ ಕೆಳಗಿಳಿಯುತ್ತಿದ್ದಂತೆ ಊರಿಗೆ ಊರೇ ಅದರ ಅಡಿಗೆ ಓಡಿಬಂತು. ರೆಕ್ಕೆಯ ಗಾಳಿಗೆ ತಗಡೊಂದು ಎದ್ದು, ಇನ್ನೇನು ಜನರ ಮೇಲೆ ಬೀಳುವುದರಲ್ಲಿತ್ತು. ಪೈಲಟ್ ಹೆಲಿಕಾಪ್ಟರನ್ನು ಮತ್ತೆ ಮೇಲಕ್ಕೆತ್ತಿದ. ಒಯ್ದದ್ದೆಲ್ಲ ಹಾಗೇ ವಾಪಸ್ಸು ಬಂತು. ಕೆಳಗೆ ಕೈ ಚಾಚಿ ನಿಂತಿದ್ದ ಹೆಂಗಸಿನ ಮುಖ ಬಹಳ ದಿನ ಅವಳ ಕಣ್ಣಿಂದ ಮರೆಯಾಗಲಿಲ್ಲ. ಹೆಲಿಕಾಪ್ಟರ್ ಇದ್ದರೆ ಸಾಲದು, ಅದನ್ನು ಇಳಿಸಿಕೊಳ್ಳುವ ರೀತಿ ಊರಿಗೆ ಗೊತ್ತಿರಬೇಕು ಎಂದು ಅವಳಿಗೆ ಅನ್ನಿಸಿತು. ಅಂದಿನಿಂದ ಬೇಸಿಗೆಯಲ್ಲಿ ಹೊಳೆದಂಡೆಯ ಊರುಗಳನ್ನು ಸುತ್ತಿ ಹೇಳತೊಡಗಿದಳು.

ಹಟ್ಟಿಯಲ್ಲಿ ಎತ್ತರವಾದ, ಸಮನಾದ ಜಾಗ ಒಂದೇ ಒಂದು. ಅದು ಕುರಿಗಾರ ಮೈಲಪ್ಪ ರಾತ್ರಿ ಕುರಿ ತರುಬುವ, ಕೂಡಿಹಾಕುವ ದಿಬ್ಬ. ಅಂಗನವಾಡಿಯ ಶೃತಿ ವಾಣಿಶ್ರೀಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮೈಲಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೇಳಿ ನಕ್ಕ.

"ಹೆಲಿಕಾಪ್ಟರು ಓಟು ಕೇಳಾಕ ಬರ್ತೈತಿ, ಇಲ್ಲಾ ಸಾವುಕಾರ್ರ ಮದಿವಿಗೆ ಬರ್ತೈತಿ. ನಮ್ಮಂಥಾರ ಸಲುವಾಗಿ ಯಾವಾಗ ಬಂದೈತ್ರಿ?"

"ಇಳಿಯಾಕ ಜಾಗ ಇದ್ರ ಬರ್ತೈತ್ರಿ. ಜಾಗ ಇಲ್ದ ನಾನs ಒಮ್ಮಿ ವಾಪಸ್ ಹೋಗೇನಿ," ಎಂದಳು ವಾಣಿಶ್ರೀ. ಆ ಊರಿನ ಕಥೆಯನ್ನು ಮುಚ್ಚಿಡದೆ ಹೇಳಿದಳು.

ದಿಬ್ಬದ ನಡುವೆ ನಾಲ್ಕೂ ಕಡೆ ನಲವತ್ತು ಹೆಜ್ಜೆ ಖಾಲಿ ಇರಬೇಕು, ತಗಡು, ಹುಲ್ಲು, ಒಣ ಮುಳ್ಳು ಯಾವುದೂ ಇರಬಾರದು, ಹತ್ತಿರದಲ್ಲಿ ಕರೆಂಟಿನ ತಂತಿ ಹಾಯಬಾರದು, ಮೇಲಿನಿಂದ ಕಾಣುವಂತೆ ಸುಣ್ಣದಲ್ಲಿ ದೊಡ್ಡ ಗುರುತು ಹಾಕಬೇಕು ಎಂದು ವಿವರಿಸಿದಳು. ಇಳಿಯುವಾಗ ಜನ ಅಂಚಿನಲ್ಲೇ ಕೂತಿರಬೇಕು, ಪೈಲಟ್ ಕೈ ತೋರಿಸಿದ ಮೇಲೆ ಮುಂದಿನಿಂದಲೇ ಬರಬೇಕು, ಬಾಲದ ಕಡೆ ಹೋಗಬಾರದು ಎಂದೂ ಹೇಳಿಕೊಟ್ಟಳು.

"ನೆರಿ ಬರೋದು ಮಳಿಗಾಲದಾಗ. ಮಳ್ಯಾಗ ಸುಣ್ಣ ನಿಲ್ತೈತೇನ್ರಿ?" ಎಂದ ಮೈಲಪ್ಪ.

ವಾಣಿಶ್ರೀ ಪೆಚ್ಚಾದಳು. ಹತ್ತು ಊರುಗಳಲ್ಲಿ ಸುಣ್ಣ ಹಾಕಿಸಿ ಬಂದಿದ್ದಳು, ಒಬ್ಬರೂ ಈ ಮಾತು ಎತ್ತಿರಲಿಲ್ಲ. ಹಾಗಾದರೆ ಏನು ಮಾಡೋಣ ಎಂದು ಅವನನ್ನೇ ಕೇಳಿದಳು.

"ಗುಡ್ಡದಾಗ ಬಿಳಿ ಬೆಣಚುಕಲ್ಲು ಬೇಕಾದಷ್ಟು ಅದಾವು. ಅರ್ಧ ಹೂತು ಸಾಲು ಹಿಡೀರಿ. ಮಳಿ ಬಿದ್ದಂಗೆಲ್ಲಾ ಬೆಳ್ಳಗಾಕ್ಕಾವು."

ಅವಳು ಅಲ್ಲೇ ನಿಂತು ಅದನ್ನು ಬರೆದುಕೊಂಡಳು. ತನ್ನ ಮಾತನ್ನು ಬರೆದುಕೊಳ್ಳುವವರನ್ನು ಮೈಲಪ್ಪ ಅದೇ ಮೊದಲು ನೋಡಿದ್ದು. ಅವನ ಹೆಂಡತಿ ಪಕ್ಕೀರಮ್ಮ ಮಹಿಳಾ ಸಂಘದ ಹೆಂಗಸರನ್ನು ಕರೆದು ಎರಡೇ ದಿನದಲ್ಲಿ ಕಲ್ಲು ಹೊರಿಸಿದಳು. ದೊಡ್ಡದೊಂದು ಬಿಳಿ ವರ್ತುಲ ದಿಬ್ಬದ ಮೇಲೆ ಮೂಡಿತು. ಜಾಗ ಕೊಡುತ್ತೇನೆ, ಆದರೆ ಹೆಲಿಕಾಪ್ಟರಿನೊಳಗೆ ಕೂರು ಎಂದರೆ ತನ್ನಿಂದಾಗದು ಎಂದು ಮೈಲಪ್ಪ ಎಲ್ಲರ ಎದುರಿಗೆ ಹೇಳಿಬಿಟ್ಟ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಅಕ್ಟೋಬರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ನೀರು ಏರುತ್ತದೆ ಎಂದು ಡಂಗುರ ಬಂದದ್ದೇ ತಡ, ಶೃತಿ ಮನೆ ಮನೆಗೆ ಓಡಾಡಿದಳು. ಈ ಸಲ ಯಾರೂ ನೋಡೋಣ ಎನ್ನಲಿಲ್ಲ. ಕುಡಿಯುವ ನೀರು, ರೊಟ್ಟಿ, ಔಷಧ, ರೇಷನ್ ಕಾರ್ಡು ಕಟ್ಟಿಕೊಂಡು ಬೆಳಕಿರುವಾಗಲೇ ದಿಬ್ಬ ಹತ್ತಿದರು. ಮರುದಿನ ಬೆಳಗಾಗುವಷ್ಟರಲ್ಲಿ ಮನೆಗಳ ಬಾಗಿಲ ಮಟ್ಟ ನೀರು ನಿಂತಿತ್ತು.

ನೀರಿಗೆ ಹೆದರಿ ಹಾವುಗಳೂ ದಿಬ್ಬಕ್ಕೆ ಬಂದಿದ್ದವು. ಕುರಿಗಳನ್ನು ಅತ್ತ ಸರಿಸಲು ಹೋದ ಮೈಲಪ್ಪನ ಕಾಲಿಗೆ ಒಂದು ಕಚ್ಚಿತು. ಎರ್ರೆಪ್ಪ ಎಂಬ ನೆಂಟ ಬ್ಲೇಡು ತೆಗೆದು ಗಾಯ ಕೊಯ್ಯಲು ಬಂದ. ಶೃತಿ ಅವನ ಕೈ ಹಿಡಿದಳು. ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಒಂದು ಹೆಜ್ಜೆಯನ್ನೂ ನಡೆಸಬಾರದು ಎಂದಳು. ಮೈಲಪ್ಪನನ್ನು ಮಲಗಿಸಿ, ಕಾಲು ಅಲುಗದಂತೆ ಪಕ್ಕಕ್ಕೊಂದು ಹಲಗೆ ಇಟ್ಟು ಸಡಿಲವಾಗಿ ಕಟ್ಟಿದಳು. ಆಮೇಲೆ ತಾಲ್ಲೂಕು ಕಚೇರಿಗೆ ಫೋನ್ ಮಾಡಿದಳು. ಅಲ್ಲಿಂದ ವಾಣಿಶ್ರೀಗೆ ಕರೆ ಹೋಯಿತು.

ಮೋಡ ಸ್ವಲ್ಪ ತೆಳುವಾಗುತ್ತಲೇ ಹೆಲಿಕಾಪ್ಟರ್ ಹೊರಟಿತು. ವಾಣಿಶ್ರೀ ತಾನೂ ಹತ್ತಿದ್ದಳು. ಕೆಳಗೆ ಎತ್ತ ನೋಡಿದರೂ ಕೆಂಪು ನೀರು. ಯಾವ ಊರು ಯಾವುದೆಂದು ತಿಳಿಯುತ್ತಿಲ್ಲ ಎಂದ ಪೈಲಟ್. ಅಷ್ಟರಲ್ಲಿ ನೀರಿನ ನಡುವೆ ಬೆಳ್ಳನೆಯ ವರ್ತುಲವೊಂದು ಕಂಡಿತು. ಈಗ ಜನ ಓಡಿಬರುತ್ತಾರೇನೋ ಎಂದು ವಾಣಿಶ್ರೀ ಕಿಟಕಿಗೆ ಬಾಗಿ ನೋಡಿದಳು.

ಒಬ್ಬರೂ ಓಡಲಿಲ್ಲ. ಎಲ್ಲರೂ ದಿಬ್ಬದ ಅಂಚಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದರು. ಕುರಿಗಳು ಬಲೆಯ ಬೇಲಿಯೊಳಗೆ ದೂರ ಇದ್ದವು. ಇಳಿದ ಮೇಲೆ ಪೈಲಟ್ ಕೈ ತೋರಿಸುವವರೆಗೂ ಕಾದು, ನಾಲ್ವರು ಮೈಲಪ್ಪನನ್ನು ಕಂಬಳಿಯಲ್ಲಿ ಎತ್ತಿಕೊಂಡು, ತಲೆ ತಗ್ಗಿಸಿ, ಮುಂದಿನ ಕಡೆಯಿಂದ ಬಂದರು. ಬಾಲದ ಕಡೆ ಯಾರೂ ಸುಳಿಯಲಿಲ್ಲ. ವಾಣಿಶ್ರೀಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮೇಲೇರಿದಾಗ ಮೈಲಪ್ಪ ಕಷ್ಟಪಟ್ಟು ಕಣ್ಣು ತೆರೆದು ಕಿಟಕಿಯತ್ತ ತಿರುಗಿದ. ಅದು ತಮ್ಮ ದಿಬ್ಬವೇ ಎಂದು ಕೇಳಿದ. ಅವಳು ಹೌದೆಂದಳು.

"ಇಷ್ಟು ಸಣ್ಣದು ಕಾಣ್ತೈತಲ್ರಿ," ಎಂದ. ಮತ್ತೆ ಕೆಳಗೆ ನೋಡಿ, "ಆ ಕಲ್ಲು ಇಲ್ದಿದ್ರ ನೀವಾದ್ರೂ ನನ್ನ ಎಲ್ಲಿ ಹುಡುಕ್ತಿದ್ರಿ," ಎಂದ.

ದವಾಖಾನೆಯಲ್ಲಿ ಹೊತ್ತಿಗೆ ಸರಿಯಾಗಿ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಸಿಕ್ಕಿತು. ಹೆಲಿಕಾಪ್ಟರ್ ಮತ್ತೆರಡು ಸಲ ದಿಬ್ಬಕ್ಕೆ ಹೋಗಿ ಹಾಲಿನ ಪುಡಿ, ಅಕ್ಕಿ ಇಳಿಸಿ ಬಂತು. ಹಟ್ಟಿಯ ಒಂದು ಜೀವವೂ ಹೋಗಲಿಲ್ಲ. ಎಂಟನೆಯ ದಿನ ಮೈಲಪ್ಪ ಬಸ್ಸಿನಲ್ಲಿ ಬಂದಿಳಿದ. ಪಕ್ಕೀರಮ್ಮ ಅಂದು ಇಡೀ ಹಟ್ಟಿಗೆ ಹುಗ್ಗಿ ಮಾಡಿ ಬಡಿಸಿದಳು. ಮೋಡದೊಳಗೆ ಹೋದದ್ದನ್ನು ಅವನು ಹತ್ತು ಸಲ ಹೇಳಿದ. ಜನ ಹತ್ತು ಸಲವೂ ಕೇಳಿದರು.

ಆ ಚಳಿಗಾಲದಿಂದಲೇ ಮೈಲಪ್ಪ ವಾಣಿಶ್ರೀಯ ಜೊತೆ ಹೊಳೆದಂಡೆಯ ಊರುಗಳಿಗೆ ಹೊರಟ. ಇದೆಲ್ಲ ನಮಗ್ಯಾಕೆ ಎಂದು ಯಾರಾದರೂ ನಕ್ಕರೆ ಅವನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಪಂಚೆ ಸ್ವಲ್ಪ ಎತ್ತಿ, ಕಾಲಿನ ಎರಡು ಹಲ್ಲಿನ ಗುರುತು ತೋರಿಸಿ, "ನಾನೂ ಹಿಂಗs ನಕ್ಕಿದ್ನ್ರಿ," ಎನ್ನುತ್ತಿದ್ದ.

ಸಂಘದ ಅಕ್ಕತಂಗಿಯರೇ, ಕಥೆ ಮುಗಿಯಿತೆಂದು ಈಗಲೇ ಏಳಬೇಡಿ. ನಿಮ್ಮ ಊರಿನ ಎತ್ತರದ ಜಾಗ ಯಾವುದೆಂದು ಇಲ್ಲೇ ಮಾತಾಡಿ ಗೊತ್ತುಮಾಡಿ. ಬಸುರಿಯರು, ಹಾಸಿಗೆ ಹಿಡಿದವರು, ದಿನಾ ಔಷಧ ಬೇಕಾದವರು ಯಾರೆಂದು ಹೆಸರು ಬರೆದಿಡಿ. ಡಂಗುರ ಕೇಳಿದೊಡನೆ ಮೇಲೆ ಹತ್ತಿ. ಹಾವು ಕಚ್ಚಿದರೆ ಕೊಯ್ಯದೆ, ನಡೆಸದೆ ದವಾಖಾನೆಗೆ ಸಾಗಿಸಿ. ನೆರವು ಹೊತ್ತು ಬಂದವರು ಇಳಿದು ಕೈ ತೋರಿಸುವವರೆಗೆ ದೂರ ಕೂತು ಕಾಯಿರಿ. ಬರುವವರು ಬಂದೇ ಬರುತ್ತಾರೆ. ಅವರಿಗೆ ಜಾಗ ಮಾಡಿಕೊಡುವ ಕೆಲಸ ನಮ್ಮದು.