ಯಾಗೂಬನ ಗಾಳಕ್ಕೆ ಹಿಡಿದ ಮಾಟ

ಯಾಗೂಬನ ಕೈಗೆ ದೇವರು ಹತ್ತು ಬೆರಳು ಕೊಟ್ಟಿದ್ದಾನೆ. ಅವುಗಳಿಂದ ಅವನು ಮಾಡುವ ಕೆಲಸ ಎರಡೇ, ಗಾಳದ ಕೋಲು ಹಿಡಿಯುವುದು, ಮೀಸೆ ತಿರುವುವುದು. ಹನ್ನೊಂದು ವರ್ಷ ಅವನ ಹೆಂಡತಿಯಾಗಿದ್ದವಳು ನಾನು, ಜುಲೈಖಾ. ಕಡಲಿನಿಂದ ಬಂದವನೇ ಗಾಳದ ಗಂಟನ್ನು ನನ್ನ ಕಾಲ ಬಳಿ ಎಸೆದು, ಅಂಗಳದ ಉಯ್ಯಾಲೆ ಏರಿ ಬಡಾಯಿ ಶುರು ಮಾಡುತ್ತಿದ್ದ.

ಟ್ಯೂನಾ ಹಿಡಿಯುವ ನಮ್ಮ ಗಾಳಕ್ಕೆ ಎರೆ ಚುಚ್ಚುವುದಿಲ್ಲ. ತವರ ಲೇಪಿಸಿದ ಬರಿಗಾಳದ ಹೊಳಪನ್ನೇ ಮರಿಮೀನೆಂದು ನಂಬಿ ಅದು ಬಾಯಿ ಹಾಕಬೇಕು. ಗಾಳ ಮಂಕಾದರೆ ಮೀನಿಲ್ಲ. ಯಾಗೂಬನ ಗಾಳ ಎಂದೂ ಮಂಕಾಗುತ್ತಿರಲಿಲ್ಲ, ಹಾಗಾಗಿ ದೋಣಿಯ ಹಿಂಬದಿಯ ಅಟ್ಟಣೆಯಲ್ಲಿ ನಟ್ಟನಡುವಿನ ಜಾಗ ಅವನದೇ. ಅದಕ್ಕೆ ಅವನು ಕೊಡುತ್ತಿದ್ದ ಕಾರಣ ‘ಕೈಗುಣ’. ಕೇಳಿ ಕೇಳಿ ನನ್ನ ಕಿವಿಯೇ ತುಕ್ಕು ಹಿಡಿದಿತ್ತು.

ಆಮೇಲೆ ರಾಹೀಲಾ ಎಂಬವಳ ಮೇಲೆ ಮನಸ್ಸಾಗಿ ನನಗೆ ತಲಾಖ್ ಕೊಟ್ಟ. ನಮ್ಮ ದ್ವೀಪದಲ್ಲಿ ಇದು ದೊಡ್ಡ ಸುದ್ದಿಯಲ್ಲ, ನನ್ನ ಅತ್ತೆಯೇ ಐದು ಮದುವೆ ಕಂಡವಳು. ನಾನು ಅಳಲಿಲ್ಲ. ಗಾಳದ ಗಂಟು ಅವನ ಹಿಂದೆ ಹೋಯಿತು.

ತಿಂಗಳೊಳಗೆ ಗಾಳಗಳು ಕಪ್ಪಾದವು. ಮೀನು ಮೂಸಿಯೂ ನೋಡಲಿಲ್ಲ. ದೋಣಿಯ ಯಜಮಾನ ಜಾದುಲ್ಲಾ ಅವನನ್ನು ಅಟ್ಟಣೆಯಿಂದಿಳಿಸಿ ನೀರು ಮೊಗೆಯಲು ಹಾಕಿದ. ಕುಣಿಯಲಾರದವನಿಗೆ ನೆಲ ಡೊಂಕು. ಇವನು ಓಡಿದ್ದು ಮಂತ್ರವಾದಿಯ ಮನೆಗೆ. ಆ ಮಹಾನುಭಾವ ತಟ್ಟೆಯ ಮೇಲೆ ಮಂತ್ರ ಬರೆದು, ಬಾವಿಯ ನೀರಿನಲ್ಲಿ ತೊಳೆದು, ಆ ನೀರಿನಲ್ಲೇ ಗಾಳಗಳನ್ನು ನೆನೆಹಾಕಿಸಿದ. ನಮ್ಮ ಬಾವಿ ನೀರು ಉಪ್ಪುಪ್ಪು. ಮರುದಿನ ಗಾಳದ ತುದಿಗಳೆಲ್ಲ ಕೆಂಪಾದವು. ಇದು ಬಿಟ್ಟ ಹೆಂಡತಿಯ ಮಾಟ ಎಂದು ಮಂತ್ರವಾದಿ ಘೋಷಿಸಿದ, ಅದನ್ನು ನಂಬಿದ ಈ ಮೂಢ, ಊರಿನ ಮುಖ್ಯಸ್ಥರಾದ ಖತೀಬರಿಗೆ ದೂರು ಕೊಟ್ಟ.

ಮಾಟ ರುಜುವಾದರೆ ಬೇರೆ ದ್ವೀಪಕ್ಕೆ ಗಡಿಪಾರು. ನನ್ನ ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಉಳಿಯಬೇಕು. ಚಿಕ್ಕವಳಿಗೆ ಇನ್ನೂ ನಾಲ್ಕು ವರ್ಷ. ಅಂದು ನನಗೆ ಹೆದರಿಕೆಯಾದದ್ದು ನಿಜ.

ಶುಕ್ರವಾರದ ನಮಾಜಿನ ನಂತರ ದೀವಿಹಲಸಿನ ಮರದಡಿ ಊರೇ ಸೇರಿತ್ತು. ಯಾಗೂಬ ಗಂಟು ಬಿಚ್ಚಿ ಸುರಿದ.

“ನೋಡಿ ಖತೀಬರೇ, ಹನ್ನೊಂದು ವರ್ಷ ಫಳಫಳ ಅಂತಿದ್ವು. ಇವಳು ಹೋದ್ಲು, ಹಿಂಗಾಯ್ತು. ಮಾಟ ಅಲ್ದೆ ಇನ್ನೇನು?”

“ಏನಮ್ಮ ಜುಲೈಖಾ, ಏನ್ ಹೇಳ್ತೀಯ?” ಎಂದರು ಖತೀಬರು.

“ಹೇಳೋದೇನಿಲ್ಲ. ಮಸೀದಿ ತೊಟ್ಟಿಯಿಂದ ಒಂದು ಚೆಂಬು ಮಳೆನೀರು, ಒಂದ್ಹಿಡಿ ಒಲೆಬೂದಿ, ಒಂದು ನಿಂಬೆಹಣ್ಣು, ಒಣಬಟ್ಟೆ, ಕೊಬ್ಬರಿ ಎಣ್ಣೆ ತರಿಸಿ.”

“ಮಾಟದ ಸಾಮಾನು,” ಎಂದ ಯಾಗೂಬ.

“ನಿಮ್ಮಮ್ಮ ಪಾತ್ರೆ ತಿಕ್ಕೋದೂ ಮಾಟವೇನೋ?” ಎಂದಳು ಹಿಂದಿನಿಂದ ಒಬ್ಬ ಮುದುಕಿ. ಜನ ನಕ್ಕರು.

ಎಲ್ಲರೆದುರು ಒಂದು ಗಾಳ ಎತ್ತಿಕೊಂಡೆ. ಮಳೆನೀರಲ್ಲಿ ಉಪ್ಪು ತೊಳೆದೆ. ಬೂದಿಗೆ ನಿಂಬೆರಸ ಹಿಂಡಿ ತಿಕ್ಕಿದೆ, ಮತ್ತೆ ತೊಳೆದೆ. ನೀರಿನ ಪಸೆ ಉಳಿಯದಂತೆ ಒರೆಸಿದೆ. ಹೊಳಪು ಬಂತು. ಎಣ್ಣೆ ಸವರುತ್ತಾ, “ಕಡಲಿಗೆ ಇಳಿಯೋ ಮುಂಚೆ ಇದನ್ನ ಒರೆಸ್ಬೇಕು, ಇಲ್ಲಾಂದ್ರೆ ಮಂಕಾಗಿ ಕಾಣತ್ತೆ,” ಎಂದೆ.

“ಏನೋ ಗೊಣಗಿರ್ತಾಳೆ, ನಿಮಗೆ ಕೇಳ್ಸಿಲ್ಲ,” ಎಂದ ಯಾಗೂಬ. ಬಾಯಿ ಬಿಟ್ಟರೆ ಬಣ್ಣಗೇಡು.

ಖತೀಬರು ಮತ್ತೊಂದು ಗಾಳವನ್ನು ಅವನತ್ತ ತಳ್ಳಿದರು. “ಹಾಗಾದ್ರೆ ಇದನ್ನ ನೀನೇ ತಿಕ್ಕು. ನಿನಗೆ ಮಾಟ ಬರಲ್ವಲ್ಲ.”

ತಿಕ್ಕಿದ. ಜನ್ಮದಲ್ಲಿ ಮೊದಲ ಸಲ ಆ ಬೆರಳುಗಳಿಗೆ ಬೂದಿ ಹತ್ತಿತು. ನಿಂಬೆರಸ ಗಾಳ ಚುಚ್ಚಿದ ಗಾಯಕ್ಕೆ ತಗುಲಿ ಮುಖ ಕಿವುಚಿದ. ಆದರೂ ಗಾಳಕ್ಕೆ ಪಕ್ಷಪಾತವಿಲ್ಲ, ಅವನ ಕೈಯಲ್ಲೂ ಹೊಳೆಯಿತು.

“ಮಾಟವೂ ಇಲ್ಲ, ಮಣ್ಣೂ ಇಲ್ಲ. ಮನೆಗೆ ಹೋಗಮ್ಮ,” ಎಂದು ಖತೀಬರು ಎದ್ದರು. ನನಗೆ ನಿರಾಳವಾಯಿತು.

ಜನ ಕರಗಿದ ಮೇಲೆ ಯಾಗೂಬ ಹತ್ತಿರ ಬಂದ. ದನಿ ಮೆತ್ತಗಾಗಿತ್ತು.

“ಇಷ್ಟೇನಾ? ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಜುಲೈಖಾ?”

“ಹನ್ನೊಂದು ವರ್ಷ ದಿನಾ ನಿನ್ನ ಉಯ್ಯಾಲೆ ಮುಂದೇನೇ ಕೂತು ತಿಕ್ಕಿದೀನಿ,” ಎಂದೆ. “ನೀನು ನಿನ್ನ ಕೈಗುಣ ಹೊಗಳ್ಕೋತಿದ್ದೆ.”