ಕಾದ ಸ್ವಿಚ್ಚು

ಪೊಲೀಸರು ಬಿಟ್ಟುಕೊಟ್ಟ ಕಾರನ್ನು ಶೆಡ್ಡಿಗೆ ಎಳೆದು ತಂದು ನಿಲ್ಲಿಸಿದ ಮೇಲೆ ಎಲೆಕ್ಟ್ರಿಷಿಯನ್ ಮೊದಲು ಮಾಡಿದ ಕೆಲಸ, ಮುಂದಿನ ಸೀಟನ್ನು ಒದ್ದೆ ಬಟ್ಟೆಯಿಂದ ಉಜ್ಜಿ ಒರೆಸಿದ್ದು. ತಂಗಿ ಬರುವುದರೊಳಗೆ ಅದು ಮುಗಿಯಬೇಕಿತ್ತು. ಅವಳ ಗಂಡ ಸತ್ತದ್ದು ಆ ಸೀಟಿನ ಮೇಲೆ.

ಭಾವ ಟೈಲರ್. ಕಾರು ಅವನ ಅಪ್ಪನ ಕಾಲದ್ದು. ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದಂಥ ಸದ್ದು. ಮುಸ್ಸಂಜೆಯಲ್ಲಿ, ತಿರುವೊಂದರಲ್ಲಿ ಕೆಟ್ಟು ನಿಂತಿದ್ದ ಲಾರಿಯ ಹಿಂಬದಿಗೆ ಹೋಗಿ ಹೊಡೆದಿತ್ತು. ಲಾರಿಯಿಂದ ಹೊರಚಾಚಿದ್ದ ಪೈಪುಗಳು ಗಾಜು ಒಡೆದು ಒಳನುಗ್ಗಿದ್ದವು. ಮುಂದಿನ ದೀಪಗಳಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಕಾರು ಬಂದಾಗ ಲೈಟೇ ಇರಲಿಲ್ಲ ಎಂದು ಲಾರಿಯವನು ಆಣೆ ಮಾಡಿ ಹೇಳಿದ. ಓಡಿ ಬಂದ ಜನ ಬೆಂಕಿಯ ಭಯಕ್ಕೆ ಡ್ಯಾಶ್‌ಬೋರ್ಡಿನ ಗುಬುಟುಗಳನ್ನೆಲ್ಲ ಒಳಗೊತ್ತಿಬಿಟ್ಟಿದ್ದರು. ಪೊಲೀಸರು ಲೈಟಿನ ಗುಬುಟು ಹಿಡಿದು ಎಳೆದು ನೋಡಿದರೆ ಎರಡೂ ದೀಪಗಳು ಝಗ್ಗೆಂದು ಹತ್ತಿಕೊಂಡವು. ಲೈಟು ಸರಿಯಾಗೇ ಇದೆಯಲ್ಲ ಎಂದುಬಿಟ್ಟರು.

ತಂಗಿ ಬಂದವಳು ಕಾರಿನ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತಳು.

"ಅಣ್ಣಾ, ನಂಗೆ ಒಂದೇ ಒಂದು ಗೊತ್ತಾಗ್ಬೇಕು. ಲೈಟು ತಾನಾಗಿ ಆರಿತಾ, ಇಲ್ಲಾ ಇವ್ರೇ ಆರಿಸಿದ್ರಾ?"

"ಏನೇನೋ ತಲೆಗೆ ಹಚ್ಕೋಬೇಡ."

"ಹಚ್ಕೊಳ್ದೆ ಏನ್ ಮಾಡ್ಲಿ? ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ಮೇಲೆ ಅವ್ರು ಹೇಗಿದ್ರು ಅಂತ ನೀನೇ ನೋಡಿದೀಯಲ್ಲ. 'ಸೂಜಿಗೆ ದಾರ ಹಾಕಕ್ಕೆ ಬರ್ದೇ ಇರೋನು ಯಾರಿಗೆ ಬೇಕು' ಅಂತಿದ್ರು."

ನೋಡುತ್ತೇನೆ, ಸಂಜೆ ಬಾ ಎಂದು ಕಳಿಸಿದ. ದೋಷ ಸಿಗದಿದ್ದರೂ ಸಿಕ್ಕಿತು ಎಂದೇ ಹೇಳುವುದು ಎಂದು ಅವನು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ.

ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಕೆಲಸಕ್ಕೆ ಕೂತ. ಫ್ಯೂಸು ಸರಿ. ಅರ್ತಿಂಗ್ ಸರಿ. ವೈರುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದ. ದೀಪ ಮಿಟುಕಲಿಲ್ಲ ಕೂಡ. ಗುಬುಟನ್ನು ಎಳೆದ, ಒತ್ತಿದ, ಮತ್ತೆ ಎಳೆದ. ಹಾಳಾದ್ದು, ಹೊಸ ಕಾರಿನ ಹಾಗೆ ಕೆಲಸ ಮಾಡುತ್ತಿತ್ತು. ಬೇಸತ್ತು, ದೀಪಗಳನ್ನು ಉರಿಯಲು ಬಿಟ್ಟು ಮೂಲೆಯಲ್ಲಿ ಟೀ ಬಗ್ಗಿಸಿಕೊಂಡ.

ಅಷ್ಟರಲ್ಲಿ ತಂಗಿಯ ಮಗ ಬಂದ. ಮೂವತ್ತರ ಹತ್ತಿರ ಬಂದಿದ್ದರೂ, ತಲೆ ಮುಂದಿನಿಂದ ಬೋಳಾಗುತ್ತಿದ್ದರೂ, ಮನೆಯವರಿಗೆಲ್ಲ ಅವನು ಇನ್ನೂ ಪುಟ್ಟನೇ.

"ಏನಾದ್ರೂ ಗೊತ್ತಾಯ್ತಾ ಮಾವ?"

ಮಾವ ತಲೆಯಾಡಿಸುವ ಮೊದಲೇ ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಟಿಕ್ ಎಂದಿತು. ದೀಪಗಳೆರಡೂ ಒಟ್ಟಿಗೆ ಆರಿದವು. ಇಬ್ಬರೂ ಬಾಯಿ ತೆರೆದುಕೊಂಡು ನೋಡುತ್ತಿದ್ದಂತೆ, ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್ ಎಂದು ತಾವಾಗಿಯೇ ಹತ್ತಿಕೊಂಡವು.

ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ ಸ್ವಿಚ್ಚನ್ನು ಬಿಚ್ಚಿದ. ಬೆರಳು ಚುರ್ರೆಂದಿತು. ಹಳೇ ಕಾಲದ ಆ ಸ್ವಿಚ್ಚಿನೊಳಗೆ ಲೋಹದ ಒಂದು ಪಟ್ಟಿ ಇತ್ತು. ಮಿತಿಮೀರಿ ಕಾದರೆ ಅದು ಬಗ್ಗಿ ಕರೆಂಟು ಕಡಿಯುತ್ತದೆ, ತಣ್ಣಗಾದರೆ ಮತ್ತೆ ಕೂಡಿಸುತ್ತದೆ. ಪೊಲೀಸರು ಬರುವಷ್ಟರಲ್ಲಿ ಅದು ತಣ್ಣಗಾಗಿತ್ತು.

"ನೋಡೋ, ಸಿಕ್ತು! ನಿಮ್ಮಪ್ಪ ಆರಿಸಿಲ್ಲ ಕಣೋ. ಇದು ಕಾದು ಕಡಿದಿದೆ."

ಪುಟ್ಟ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡು ಅತ್ತ. ಮಾವನ ಎದೆಯೂ ಹಗುರಾಗಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಇಷ್ಟು ವರ್ಷ ಕಾಯದ ಸ್ವಿಚ್ಚು ಈಗ ಯಾಕೆ ಕಾಯಬೇಕು ಎಂದು ಒಂದು ಬಲ್ಬನ್ನು ಹೊರತೆಗೆದ. ಹೊಚ್ಚ ಹೊಸದು. ಆ ಕಾರಿಗೆ ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ವಾಟ್. ಅಷ್ಟೂ ಕರೆಂಟು ಹಾಯಬೇಕಾದ್ದು ಆ ಹಳೇ ಸ್ವಿಚ್ಚಿನಲ್ಲೇ.

"ಇದನ್ನ ಹಾಕಿದ್ದು ಯಾರು?"

"ನಾನೇ ಮಾವ. ಸಂಜೆ ಹೊತ್ತು ರೋಡೇ ಕಾಣ್ಸಲ್ಲ ಅಂತಿದ್ರು ಅಪ್ಪ. ಅದಕ್ಕೇ ಜಾಸ್ತಿ ಬೆಳಕಿನದು..." ಎಂದವನು ಮಾವನ ಮುಖ ನೋಡಿದ. ಆಮೇಲೆ ಸ್ವಿಚ್ಚನ್ನು ನೋಡಿದ.

"ಸ್ವಿಚ್ಚಿಗೂ ವಯಸ್ಸಾಗಿತ್ತು. ಹಳೇ ಬಲ್ಬಿದ್ರೂ ಹೀಗೇ ಆಗ್ತಿತ್ತು," ಎಂದ ಮಾವ ಅವಸರವಸರವಾಗಿ.

"ಹಳೇ ಬಲ್ಬು ಡಿಕ್ಕೀಲೇ ಇದೆ. ಹಾಕಿ ನೋಡಿ."

"ಬೇಡ ಕಣೋ."

"ಹಾಕಿ ಮಾವ."

ಸ್ವಿಚ್ಚನ್ನು ಸ್ವಸ್ಥಾನಕ್ಕೆ ಕೂರಿಸಿ, ಹಳೇ ಬಲ್ಬುಗಳೆರಡನ್ನೂ ಹಾಕಿ, ಗುಬುಟು ಎಳೆದರು. ಎದುರಿನ ಗೋಡೆಯ ಮೇಲೆ ಮಂಕು ಹಳದಿ ಬೆಳಕು ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಆರಿಹೋಗು, ಆರಿಹೋಗು ಎಂದು ಮಾವ ಒಳಗೊಳಗೇ ಬೇಡಿಕೊಂಡ. ಒಮ್ಮೆ ಹೊರಗೆ ಯಾರದೋ ಸೈಕಲ್ಲಿನ ಸ್ಟ್ಯಾಂಡ್ ಟಿಕ್ ಎಂದಾಗ ಪುಟ್ಟ ದಿಗ್ಗನೆ ಎದ್ದು ನಿಂತ. ದೀಪ ಉರಿಯುತ್ತಲೇ ಇತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಶಟರ್ ಎಳೆದು ಮನೆಗೆ ಹೊರಟಾಗಲೂ ಉರಿಯುತ್ತಿತ್ತು. ಮಾವ ಬಗ್ಗಿ ಸ್ವಿಚ್ಚನ್ನು ಮುಟ್ಟಿ ನೋಡಿದ. ಉಗುರುಬೆಚ್ಚಗಿತ್ತು, ಅಷ್ಟೇ.

ತಂಗಿ ಬಂದಾಗ ಅವನು ದೀಪ ಆರಿಸಿ ಎದ್ದು ನಿಂತಿದ್ದ.

"ಸ್ವಿಚ್ಚು ಕೆಟ್ಟಿತ್ತಮ್ಮ. ತಾನಾಗಿ ಆರಿದೆ. ಭಾವ ಏನೂ ಮಾಡಿಲ್ಲ."

"ನನ್ನಾಣೆ?"

"ನಿನ್ನಾಣೆ."

ಅವಳು ಮಗನ ಕೈ ಹಿಡಿದುಕೊಂಡು, ಕಾರು ಬಂದಾಗಿನಿಂದ ಮೊದಲ ಸಲ ಅದರ ಹತ್ತಿರ ಬಂದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ನಮ್ಮನ್ನ ಬಿಟ್ಟು ಹೋಗ್ಬೇಕು ಅಂತ ಹೋಗಿಲ್ಲ ಕಣೋ ಪುಟ್ಟ," ಎಂದಳು. ಅಳುವಿನ ನಡುವೆಯೂ ಮುಖ ಅರಳಿತ್ತು.

ಅವಳ ಬೆನ್ನ ಹಿಂದಿನಿಂದ ಮಾವ ಬೇಡ ಬೇಡ ಎಂದು ಕೈಯಾಡಿಸಿದ. ಪುಟ್ಟ ಅದನ್ನು ನೋಡಿದ.

"ಅಮ್ಮಾ, ಸ್ವಿಚ್ಚು ಕಾದಿದ್ದು ನಾನು ಹಾಕಿದ ಬಲ್ಬಿಂದ. ಹಳೇದಿದ್ದಿದ್ರೆ ಆರ್ತಿರ್ಲಿಲ್ಲ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಣ್ಣನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅವಳ ಬೆರಳುಗಳು ಮಗನ ಕೈಯಿಂದ ಮೆಲ್ಲಗೆ ಜಾರಿದವು.

"ಮಾವ ಹೇಳಿರ್ಲಿಲ್ವಲ್ಲೋ. ನೀನ್ಯಾಕೆ ಹೇಳ್ದೆ?"

"ಇವತ್ತು ಹೇಳ್ದೇ ಇದ್ರೆ ಇನ್ಯಾವತ್ತೂ ಹೇಳಕ್ಕಾಗ್ತಿರ್ಲಿಲ್ಲ ಅಮ್ಮ."

ಅವಳು ಒಡೆದ ಗಾಜಿನ ಚೂರುಗಳನ್ನು ದಾಟಿಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿ ನಿಂತಳು. ಹಿಂದಿರುಗಿ ನೋಡಲಿಲ್ಲ.

"ಊಟಕ್ಕೆ ಬಾ," ಎಂದಳು.

ಪುಟ್ಟ ಚಪ್ಪಲಿ ಮೆಟ್ಟಿಕೊಂಡ. ಬೀದಿಯಲ್ಲಿ ತಾಯಿ ಮುಂದೆ, ಮಗ ತುಸು ಹಿಂದೆ ನಡೆಯುತ್ತಿದ್ದರು. ಅವಳು ನಡಿಗೆ ನಿಧಾನ ಮಾಡಲಿಲ್ಲ. ಅವನೂ ಬಿರಬಿರನೆ ನಡೆದು ಅವಳನ್ನು ಕೂಡಿಕೊಳ್ಳಲಿಲ್ಲ.