ಗಂಗಮ್ಮನ ಮಡಿಲಕ್ಕಿ

ಯುದ್ಧದ ಕಾಲದಲ್ಲಿ ಮಗ ಪಾಲಪ್ಪ ನೌಕಾದಳ ಸೇರಿದಾಗಿನಿಂದ ಚಿಕ್ಕಕ್ಕ ಶುಕ್ರವಾರ ತಪ್ಪಿಸದೆ ಮಧುಗಿರಿಯ ಕೆರೆಗೆ ಹೋಗಿ ಗಂಗಮ್ಮನಿಗೆ ಮಡಿಲಕ್ಕಿ ಅರ್ಪಿಸುತ್ತಿದ್ದಳು. “ಹಡಗಿನ ಕೆಲ್ಸ ಕಣವ್ವ, ಗಂಗಮ್ಮ ಕಾಯ್ತಾಳೆ ಬುಡು” ಎಂದು ಅವನೇ ಹೇಳಿ ಹೋಗಿದ್ದ.

ಅವನು ಸತ್ತ ಸುದ್ದಿಯ ಹಿಂದೆಯೇ ಅವನ ಜೊತೆಗಾರ, ಸಿರಾದ ಮಕ್ಬೂಲ್ ಬಂದ.

“ಯಾವ ನೀರಪ್ಪ ಅವನ್ನ ನುಂಗಿದ್ದು?” ಎಂದಳು ಚಿಕ್ಕಕ್ಕ.

“ನೀರಲ್ಲಮ್ಮ. ಅವನು ನೌಕಾದಳದ ವಿಮಾನ ಹಾರಿಸೋದು ಕಲೀತಿದ್ದ. ತರಬೇತೀಲೇ ಅದು ಬಯಲಿಗೆ ಬಿತ್ತು. ನೀವು ಹೆದರ್ತೀರ ಅಂತ ಹೇಳಿರ್ಲಿಲ್ಲ.”

ಚಿಕ್ಕಕ್ಕ ಮೊರದಲ್ಲಿ ಆರಿಸಿಟ್ಟಿದ್ದ ಮಡಿಲಕ್ಕಿಯನ್ನು ಎತ್ತಿ, ಒಲೆಯ ಮೇಲೆ ಕುದಿಯುತ್ತಿದ್ದ ಎಸರಿಗೆ ಸುರಿದಳು.

“ಹೆದರ್ತಿದ್ದೆ ಕಣಪ್ಪ. ಹೆದರ್ಕಂಡು ಆ ವಾಯುಪುತ್ರ ಹನುಮಪ್ಪನ ಕಾಲು ಹಿಡೀತಿದ್ದೆ. ಹೆತ್ತೋಳ್ನ ಇಷ್ಟು ದಿನ ಬೇರೆ ದೇವ್ರ ಬಾಗ್ಲಲ್ಲಿ ನಿಲ್ಸಿ ಹೋಗ್ಬುಟ್ಟ.”